ಓಕ್ಲೆಂಡ್‌ನಲ್ಲಿ ಮನೆ ಮಾರಲು ಚರಂಡಿ ಪೈಪಿನ ಸರ್ಟಿಫಿಕೇಟ್ ಯಾಕೆ ಬೇಕು?

ಕ್ಯಾಲಿಫೋರ್ನಿಯಾದ ಓಕ್ಲೆಂಡ್, ಪೀಡ್ಮಾಂಟ್, ಎಮೆರಿವಿಲ್ ಕಡೆ ಮನೆ ಮಾರಬೇಕಾದರೆ ಒಂದು ಸರ್ಟಿಫಿಕೇಟ್ ಬೇಕು. ಮನೆಯಿಂದ ರಸ್ತೆಗೆ ಹೋಗುವ ಒಳಚರಂಡಿ ಪೈಪು ಸೋರುತ್ತಿಲ್ಲ ಅನ್ನೋದಕ್ಕೆ ಪುರಾವೆ ಅದು. ಅಲ್ಲಿ ಮನೆ ಕೊಳ್ಳುವ ನಮ್ಮವರಿಗೂ ಇದು ತಪ್ಪಿದ್ದಲ್ಲ.

ಕೊಲ್ಲಿಯ ಆಚೆ ದಡದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮಳೆನೀರು, ಕೊಳಚೆ ಬಹುತೇಕ ಒಂದೇ ಪೈಪಿನಲ್ಲಿ ಹೋಗುತ್ತವೆ. ಈಚೆ ದಡದ ಊರುಗಳಲ್ಲಿ ಎರಡಕ್ಕೂ ಬೇರೆ ಬೇರೆ ಪೈಪು. ಹಾಗಾದರೆ ಎಷ್ಟೇ ಮಳೆ ಬಂದರೂ ಕೊಳಚೆ ಜಾಸ್ತಿ ಆಗಬಾರದು, ಅಲ್ವಾ? ಆದರೆ ಆಗುತ್ತಿತ್ತು. ಮ್ಯಾನ್‌ಹೋಲ್‌ಗಳು ಉಕ್ಕಿ ಕೊಳಚೆ ಬೀದಿಗೆ ಬರುತ್ತಿತ್ತು.

ಹಳೆಯ ಪೈಪುಗಳು ಸುಟ್ಟ ಮಣ್ಣಿನವು. ತುಂಡು ತುಂಡು ಜೋಡಿಸಿ ಹೂತಿದ್ದು. ನೆಲ ಕುಸಿದಂತೆ ಜಾಯಿಂಟು ಬಿಡುತ್ತದೆ, ಮರದ ಬೇರು ನುಗ್ಗುತ್ತದೆ, ಅದೇ ಸಂದಿನಲ್ಲಿ ಅಂತರ್ಜಲ ಒಳಗೆ ಬರುತ್ತದೆ. ಇನ್ನೊಂದು ದಾರಿ ಛಾವಣಿ ಮತ್ತು ಅಂಗಳದ್ದು. ಅಲ್ಲಿಯ ನೀರನ್ನು ನೇರ ಒಳಚರಂಡಿಗೆ ಬಿಟ್ಟ ಮನೆಗಳೂ ಇರುತ್ತವೆ. ಇದನ್ನು ಹಿಡಿಯಲು ಮ್ಯಾನ್‌ಹೋಲ್‌ನೊಳಗೆ ಅಪಾಯವಿಲ್ಲದ ಹೊಗೆ ಊದುತ್ತಾರೆ. ಸ್ವಲ್ಪ ಹೊತ್ತಿಗೆ ಒಂದು ಮನೆಯ ಛಾವಣಿ ದೋಣಿಯಿಂದ ಹೊಗೆ ಏಳುತ್ತದೆ, ಇನ್ನೊಂದು ಕಡೆ ಹುಲ್ಲಿನ ನಡುವಿನಿಂದಲೇ ಬರುತ್ತದೆ. ಹೊಗೆ ಬಂದ ದಾರಿಯೇ ಮಳೆನೀರು ಇಳಿಯುವ ದಾರಿ.

ಈ ಭಾಗದ ಕೊಳಚೆ ಶುದ್ಧೀಕರಣ ಘಟಕ ಶುರುವಾಗಿದ್ದು 1951ರಲ್ಲಿ. ಅದನ್ನು ನಡೆಸುವುದು ಈಸ್ಟ್ ಬೇ ಮುನಿಸಿಪಲ್ ಯುಟಿಲಿಟಿ ಡಿಸ್ಟ್ರಿಕ್ಟ್ ಎಂಬ ಸ್ಥಳೀಯ ನೀರು-ಒಳಚರಂಡಿ ಸಂಸ್ಥೆ. ಅಮೆರಿಕದ ಶುದ್ಧ ನೀರಿನ ಕಾಯ್ದೆ 1972ರಲ್ಲಿ ಬಂತು. 1980ರ ದಶಕದಲ್ಲಿ ಊರುಗಳೆಲ್ಲ ಸೇರಿ ಸೋರಿಕೆಯ ಅಧ್ಯಯನ ಮಾಡಿದವು. ಆಮೇಲೆ ಹಳೆಯ ಪೈಪುಗಳ ದುರಸ್ತಿ ನಡೆಯಿತು, ಜೊತೆಗೆ ಮಳೆಗಾಲಕ್ಕೆಂದೇ ಮೂರು ಹೆಚ್ಚುವರಿ ಘಟಕಗಳನ್ನು ಕಟ್ಟಿದರು. ಅವು ಉಕ್ಕಿ ಬಂದ ನೀರಿಗೆ ಅರೆಬರೆ ಶುದ್ಧೀಕರಣ ಮಾಡಿ ಕೊಲ್ಲಿಗೆ ಬಿಡುತ್ತಿದ್ದವು. ಬೀದಿಗೆ ಕೊಳಚೆ ಹರಿಯುವುದು ಕಡಿಮೆಯಾಯಿತು, ನಿಜ. ಆದರೆ ನೀರು ಒಳಗೆ ನುಗ್ಗುವುದು ನಿಲ್ಲಲಿಲ್ಲ. ಆ ಘಟಕಗಳಿಂದ ಹೀಗೆ ಬಿಡುವುದು ಕಾಯ್ದೆಗೆ ಒಪ್ಪುವುದಿಲ್ಲ ಎಂದು ಪರಿಸರ ಇಲಾಖೆಗಳು 2009ರಲ್ಲಿ ಪಟ್ಟು ಹಿಡಿದವು.

ಆಗ ಗಮನ ಮನೆಗಳ ಕಡೆ ತಿರುಗಿತು. ರಸ್ತೆಯ ಪೈಪನ್ನು ಊರು ಎಷ್ಟೇ ಸರಿಮಾಡಲಿ, ಮನೆಯವರ ಪೈಪು ಒಡೆದಿದ್ದರೆ ನೀರು ಅಲ್ಲಿಂದ ಬರುತ್ತದೆ. ತಮ್ಮ ಅಂಗಳದ ಅಡಿಯ ಪೈಪನ್ನು ಯಾರೂ ಸುಮ್ನೆ ಅಗೆದು ನೋಡುವುದಿಲ್ಲ. ಅದಕ್ಕೇ 2011ರಲ್ಲಿ ನಿಯಮ ಬಂತು: ಮನೆ ಮಾರುವಾಗ, 1 ಲಕ್ಷ ಡಾಲರ್ ಮೀರಿದ ಕಟ್ಟಡ ಕೆಲಸ ಮಾಡಿಸುವಾಗ, ನೀರಿನ ಮೀಟರಿನ ಗಾತ್ರ ಬದಲಿಸುವಾಗ ಪೈಪು ಪರೀಕ್ಷೆಯಲ್ಲಿ ಪಾಸಾಗಲೇಬೇಕು. ಪೂರ್ತಿ ಹೊಸ ಪೈಪು ಹಾಕಿಸಿದರೆ ಸರ್ಟಿಫಿಕೇಟ್ 20 ವರ್ಷ ನಡೆಯುತ್ತದೆ. 2014ರಲ್ಲಿ ಈ ಡಿಸ್ಟ್ರಿಕ್ಟ್ ಮತ್ತು ಏಳು ಸ್ಥಳೀಯ ಸಂಸ್ಥೆಗಳು ಕೋರ್ಟಿನ ಮೂಲಕ ಒಪ್ಪಂದಕ್ಕೆ ಬಂದವು. ಸುಮಾರು 1,500 ಮೈಲಿ ಪೈಪು ಪರೀಕ್ಷಿಸಿ ಸರಿಪಡಿಸಲು 21 ವರ್ಷದ ಗಡುವು.

ಎಲ್ಲ ಕಡೆ ಅಗೆಯಬೇಕು ಅಂತಿಲ್ಲ. ಲಂಡನ್ನಿನಲ್ಲಿ 1971ರಲ್ಲಿ ಎರಿಕ್ ವುಡ್ ಎಂಬ ಎಂಜಿನಿಯರ್ ಹಳೆ ಪೈಪಿನೊಳಗೆ ರಾಳದಲ್ಲಿ ನೆನೆಸಿದ ಬಟ್ಟೆಯ ಕೊಳವೆ ಇಳಿಸಿ ಗಟ್ಟಿ ಮಾಡುವ ವಿಧಾನ ತಂದರು. ಈಗ ಜಗತ್ತಿನ ಎಷ್ಟೋ ಊರುಗಳಲ್ಲಿ ಇದೇ ಆಸರೆ.

ಬೆಂಗಳೂರಲ್ಲೂ ಯುಜಿಡಿ ಅಂದರೆ ಒಳಚರಂಡಿ ಬೇರೆ, ಮಳೆನೀರು ಹರಿಯುವ ರಾಜಕಾಲುವೆ ಬೇರೆ. ಆದರೂ ಛಾವಣಿ ನೀರನ್ನು ಯುಜಿಡಿಗೆ ಬಿಡುವ ಮನೆಗಳಿವೆ. ಮಳೆಗೆ ಮ್ಯಾನ್‌ಹೋಲ್ ಉಕ್ಕಲು ಅದೂ ಒಂದು ಕಾರಣ. ಮಳೆನೀರು ಕೊಯ್ಲು 2009ರಿಂದ ದೊಡ್ಡ ನಿವೇಶನಗಳಿಗೆ ಕಡ್ಡಾಯವಾಗಿದೆ. ಅದು ಬಂದದ್ದು ನೀರು ಉಳಿಸಲು. ಸರಿಯಾಗಿ ಮಾಡಿಸಿದರೆ ಯುಜಿಡಿ ಮೇಲಿನ ಹೊರೆಯನ್ನೂ ಇಳಿಸುತ್ತದೆ. ಓಕ್ಲೆಂಡ್‌ನ ನಿಯಮದಲ್ಲೂ ಒಂದು ಕೊರತೆ ಇದೆ. ಮಾರಾಟಕ್ಕೆ ಬಾರದ ಮನೆಯ ಪೈಪು ವರ್ಷಗಟ್ಟಲೆ ಹಾಗೇ ಉಳಿಯಬಹುದು. ಅಂಥ ಕಡೆ ಈಗಲೂ ಹೊಗೆ ಊದಿಯೇ ಹುಡುಕಬೇಕು.