ಸಿಮೆಟ್ರಿ ‘ಎಕ್ಸಲೆಂಟ್’ ಆದರೆ ವಜ್ರ ಹೊಳೆದೇ ಹೊಳೆಯುತ್ತದೆಯೇ?

ಪ್ರಶ್ನೆ: ದುಂಡನೆಯ ವಜ್ರವೊಂದನ್ನು ನೋಡಿಟ್ಟಿದ್ದೇನೆ. ಪ್ರಮಾಣಪತ್ರದಲ್ಲಿ ಸಿಮೆಟ್ರಿ ‘ಎಕ್ಸಲೆಂಟ್’, ಕಟ್ ಮಾತ್ರ ‘ಗುಡ್’ ಎಂದಿದೆ. ಸಿಮೆಟ್ರಿ ಅಷ್ಟು ಚೆನ್ನಾಗಿದ್ದರೆ ಸಾಲದೇ?

ಉತ್ತರ: ಸಾಲದು. ಮುಖಗಳ ಅಂಚುಗಳು ಸರಿಯಾಗಿ ಕೂಡಿವೆಯೇ, ಎದುರುಬದುರಿನ ಮುಖಗಳು ಒಂದೇ ಅಳತೆಯವೇ, ಮೇಲಿನ ಚಪ್ಪಟೆ ಮುಖವಾದ ಟೇಬಲ್ ನಟ್ಟನಡುವೆ ಇದೆಯೇ ಎಂಬುದನ್ನಷ್ಟೇ ಸಿಮೆಟ್ರಿ ಹೇಳುತ್ತದೆ. ತಪ್ಪು ಕೋನವನ್ನೇ ಸುತ್ತಲೂ ಒಂದೇ ಸಮನಾಗಿ ಕತ್ತರಿಸಿದ ಹರಳಿಗೂ ಈ ದರ್ಜೆ ಸಿಗಬಹುದು.

ಹೊಳಪು ಹುಟ್ಟುವುದು ಕೋನಗಳಿಂದ; ಕಟ್ ದರ್ಜೆ ಮುಖ್ಯವಾಗಿ ನೋಡುವುದು ಇದನ್ನೇ. ವಜ್ರದ ವಕ್ರೀಭವನ ಸೂಚ್ಯಂಕ, ಅಂದರೆ ಅದು ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬುದರ ಅಳತೆ, ಸುಮಾರು 2.42. ಹಾಗಾಗಿ ಒಳಗಿನ ಗೋಡೆಗೆ ಎಳೆದ ಲಂಬರೇಖೆಯಿಂದ ಸುಮಾರು 24.4 ಡಿಗ್ರಿಗಿಂತ ಹೆಚ್ಚು ಓರೆಯಾಗಿ ಬಡಿದ ಬೆಳಕು ಹೊರಗೆ ಹೋಗದೆ ಪೂರ್ತಿ ಒಳಕ್ಕೇ ಮರಳುತ್ತದೆ. ಅದು ಕೊನೆಗೆ ಮೇಲಿನಿಂದ ಹೊರಬಿದ್ದು ನಮ್ಮ ಕಣ್ಣು ಸೇರಬೇಕಾದರೆ ಕೆಳಭಾಗದ, ಅಂದರೆ ಪೆವಿಲಿಯನ್‌ನ, ಇಳಿಜಾರು ಹದವಾಗಿರಬೇಕು. 1919ರಲ್ಲಿ ವಜ್ರ ಕತ್ತರಿಸುವ ಮನೆತನದ ಎಂಜಿನಿಯರ್ ಮಾರ್ಸೆಲ್ ಟೋಲ್ಕೋವ್‌ಸ್ಕಿ ಲೆಕ್ಕ ಹಾಕಿ ಕೊಟ್ಟ ಅಳತೆಗಳು ಇವು: ಪೆವಿಲಿಯನ್ 40.75 ಡಿಗ್ರಿ, ಮೇಲ್ಭಾಗದ ಕ್ರೌನ್ 34.5 ಡಿಗ್ರಿ, ಟೇಬಲ್ ಒಟ್ಟು ವ್ಯಾಸದ ಶೇ 53. ಇಂದು ಇನ್ನಷ್ಟು ಅಗಲದ ಟೇಬಲ್ ಇರುವ ಸುಂದರ ಹರಳುಗಳೂ ಇವೆ. ಆದರೆ ಪೆವಿಲಿಯನ್ ಕೋನ 41ರ ಆಸುಪಾಸು ಬಿಟ್ಟು ದೂರ ಹೋದರೆ ನಾನಂತೂ ಒಪ್ಪುವುದಿಲ್ಲ. ತೀರಾ ಚಪ್ಪಟೆಯಾದರೆ ಟೇಬಲ್‌ನೊಳಗೆ ಮೀನಿನ ಕಣ್ಣಿನಂಥ ಬೂದು ಬಳೆ ಕಾಣುತ್ತದೆ. ತೀರಾ ಆಳವಾದರೆ ನಡುಭಾಗವೇ ಕಪ್ಪಿಡುತ್ತದೆ.

ಆಳದ ಹರಳಿನಲ್ಲಿ ಇನ್ನೊಂದು ನಷ್ಟವೂ ಇದೆ. ಚೆನ್ನಾಗಿ ಕತ್ತರಿಸಿದ ಒಂದು ಕ್ಯಾರೆಟ್‌ನ ದುಂಡು ವಜ್ರ ಸುಮಾರು 6.5 ಮಿಲಿಮೀಟರ್ ಅಗಲವಿರುತ್ತದೆ. ನಿಮ್ಮದು ಒಂದು ಕ್ಯಾರೆಟ್ ತೂಗಿಯೂ 6.2 ಮಾತ್ರ ಇದ್ದರೆ, ಕಣ್ಣಿಗೆ ಕಾಣದ ಕೆಳಭಾಗದ ಅಥವಾ ನಡುಪಟ್ಟಿಯ ತೂಕಕ್ಕೂ ನೀವು ಹಣ ಕೊಡುತ್ತಿದ್ದೀರಿ.

ನೋಡುವಾಗ ಪ್ರಖರ ದೀಪಗಳ ಕೆಳಗಿನಿಂದ ಹರಳನ್ನು ಈಚೆಗೆ ತನ್ನಿ. ಆ ಬೆಳಕಿನಲ್ಲಿ ಸಾಧಾರಣ ಕಟ್ ಕೂಡ ಮಿನುಗುತ್ತದೆ. ಕಿಟಕಿಯ ಮೆತ್ತನೆಯ ಬೆಳಕಿನಲ್ಲಿ ಮೆಲ್ಲಗೆ ಓಲಾಡಿಸಿ. ಬೆಳಕು ಕತ್ತಲೆಯ ತುಣುಕುಗಳು ಹರಳಿನ ತುಂಬ ಚುರುಕಾಗಿ ಜಾಗ ಬದಲಿಸಬೇಕು. ಒಂದೇ ಕಡೆ ಮಂಕು ನಿಂತರೆ ಬೇಡ. ಮೇಲಿನಿಂದ ಎಂಟು ಬಾಣಗಳು, ಕೆಳಗಿನಿಂದ ಎಂಟು ಹೃದಯಗಳು ಕಾಣುವ ವಿನ್ಯಾಸ ಸಿಮೆಟ್ರಿಗಿಂತ ಸೂಕ್ಷ್ಮವಾದ ಹೊಂದಿಕೆ. ಪ್ರಮಾಣಪತ್ರದ ಸಿಮೆಟ್ರಿ ದರ್ಜೆ ಅದನ್ನು ಅಳೆಯುವುದಿಲ್ಲ.

ಅಂಡಾಕಾರದ ವಜ್ರವಾದರೆ ಕಣ್ಣನ್ನೇ ಹೆಚ್ಚು ನಂಬಬೇಕಾಗುತ್ತದೆ. ವಜ್ರಗಳಿಗೆ ಪ್ರಮಾಣಪತ್ರ ಕೊಡುವ ಅಮೆರಿಕದ ಸಂಸ್ಥೆ ಜಿಐಎ 2006ರಲ್ಲಿ ಜಾರಿಗೆ ತಂದ ಕಟ್ ದರ್ಜೆಯನ್ನು ರೂಪಿಸಿದ್ದು ದುಂಡು ಬ್ರಿಲಿಯಂಟ್ ಕಟ್‌ಗಾಗಿ. ಅಂಡಾಕಾರದ ಹರಳಿನ ನಡುವೆ ಅಡ್ಡಲಾಗಿ ಬೋ ಟೈಯಂಥ ಕಪ್ಪು ನೆರಳು ಬೀಳುವುದುಂಟು. ತಿರುಗಿಸಿದಾಗ ಅದು ಒಡೆದು ಚದುರಿದರೆ ಸರಿ, ಹೇಗೆ ಹಿಡಿದರೂ ಹಾಗೇ ಇದ್ದರೆ ಬೇರೆ ಹರಳು ತೋರಿಸಲು ಕೇಳಿ.