ಬೆರಳು ಹಾಕಿ ನೋಡುವ ಮೊದಲೇ ಪೈಲ್ಸ್ ಅನ್ನಬೇಡಿ

"ಪೈಲ್ಸ್ ಅದ್ರಿ ಸಾಹೇಬ್ರ, ಗುಳಿಗಿ ಬರದು ಕೊಡ್ರಿ."

ಕಲಬುರಗಿಯ ನನ್ನ ಕ್ಲಿನಿಕ್‌ನಲ್ಲಿ ಈ ಮಾತು ಕೇಳದ ವಾರವಿಲ್ಲ. ಯಾರು ನೋಡಿ ಹೇಳಿದರು ಅಂತ ಕೇಳಿದರೆ, ಯಾರೂ ನೋಡಿರುವುದಿಲ್ಲ. ಸಂಡಾಸಕ್ಕೆ ಹೋದಾಗ ರಕ್ತ ಬಿತ್ತು, ಮೆಡಿಕಲ್ ಅಂಗಡಿಯಿಂದ ಮುಲಾಮು ಬಂತು, ಅಷ್ಟೇ.

ಒಳಗಿನ ಮೂಲವ್ಯಾಧಿಗೆ ಸಾಮಾನ್ಯವಾಗಿ ನೋವಿರುವುದಿಲ್ಲ, ಕೆಂಪು ರಕ್ತ ತೊಟ್ಟಿಕ್ಕುತ್ತದೆ. ಚಾಕುವಿನಿಂದ ಕೊಯ್ದ ಹಾಗೆ ಉರಿದರೆ ಅದು ಹೆಚ್ಚಾಗಿ ಫಿಶರ್, ಅಂದರೆ ಚರ್ಮದ ಬಿರುಕು. ಗುದದ್ವಾರದ ಪಕ್ಕದಲ್ಲಿ ತೂತಾಗಿ ಕೀವು ಸೋರಿದರೆ ಫಿಸ್ಟುಲಾ ಇರಬಹುದು. ನಮ್ಮ ಕಡೆ ಇವಕ್ಕೆಲ್ಲ ಒಂದೇ ಹೆಸರು, ಪೈಲ್ಸ್. ಒಂದೇ ಕಾರಣ, ಉಷ್ಣ.

ನನ್ನ ಚಿಂತೆ ಬೇರೆಯೇ. ದೊಡ್ಡ ಕರುಳಿನ ಕೊನೆಯ ಭಾಗದ ಕ್ಯಾನ್ಸರ್‌ನಲ್ಲೂ ಇಂಥದ್ದೇ ಕೆಂಪು ರಕ್ತ ಬೀಳಬಹುದು. ಬಣ್ಣ ನೋಡಿ ಎರಡನ್ನೂ ಬೇರೆ ಮಾಡಲು ನನಗೂ ಆಗುವುದಿಲ್ಲ. ಇನ್ನೊಂದು ಮಾತು: ನಿಜವಾಗಿ ಪೈಲ್ಸ್ ಇದ್ದವರಿಗೂ ಮೇಲೆ ಕರುಳಿನಲ್ಲಿ ಬೇರೆ ಗಡ್ಡೆ ಇರಬಹುದು. ಒಂದು ಸಿಕ್ಕಿತು ಅಂತ ಹುಡುಕುವುದು ನಿಲ್ಲಿಸಬಾರದು. ಹೆಚ್ಚಿನವರಿಗೆ ಬರೀ ಪೈಲ್ಸೇ ಇರುತ್ತದೆ, ಹೆದರಬೇಡಿ. ಆದರೆ ಅದು ನೋಡಿದ ಮೇಲೆ ಹೇಳುವ ಮಾತು.

ಕೆಲ ವರ್ಷಗಳ ಹಿಂದೆ ಐವತ್ತು ದಾಟಿದ ರೈತರೊಬ್ಬರು ಬಂದಿದ್ದರು. ಅಂಗಿ ಜೇಬಿನಲ್ಲಿ ಮುಲಾಮಿನ ಟ್ಯೂಬ್, ತಳದಿಂದ ಸುರುಳಿ ಸುತ್ತಿ ಕೊನೇ ಹನಿವರೆಗೂ ಹಿಂಡಿದ್ದರು. ಅಂಥವು ಏಳೆಂಟು ಮುಗಿದಿದ್ದವಂತೆ. "ತೊಗರಿ ರಾಶಿ ಮುಗೀಲಿ, ಆಮ್ಯಾಲ ತೋರಸ್ತೀನಿ" ಅಂತ ಮನೆಯಲ್ಲಿ ಹೇಳುತ್ತಾ ಬಂದಿದ್ದರು. ಕಣ್ಣಿನ ರೆಪ್ಪೆ ಕೆಳಗೆಳೆದು ನೋಡಿದೆ, ಒಳಗೆಲ್ಲ ಬಿಳಿಚಿಕೊಂಡಿತ್ತು. ಗುದದ್ವಾರದೊಳಗೆ ಬೆರಳು ಹಾಕಿದ ಕೂಡಲೇ ಗಟ್ಟಿ ಗಡ್ಡೆ ಸಿಕ್ಕಿತು. ಆ ಪರೀಕ್ಷೆಗೆ ಒಂದು ನಿಮಿಷವೂ ಬೇಡ. ಅದನ್ನು ಮೊದಲ ಟ್ಯೂಬ್ ತಗೊಳ್ಳುವಾಗಲೇ ಮಾಡಿಸಬಹುದಿತ್ತಲ್ಲ ಅಂತ ಇವತ್ತಿಗೂ ಸಂಕಟವಾಗುತ್ತದೆ.

ಪೈಲ್ಸೇ ಅಂತ ಖಾತ್ರಿಯಾದರೆ ಸುಮಾರು ಜನರಿಗೆ ಆಪರೇಷನ್ ಬೇಕಾಗುವುದಿಲ್ಲ. ಮಲ ಮೆತ್ತಗಾಗಬೇಕು, ತಿಣುಕುವುದು ನಿಲ್ಲಬೇಕು. ಜೋಳದ ರೊಟ್ಟಿ, ಪುಂಡಿ ಪಲ್ಯ ಬಿಡಬೇಡಿ, ಅವು ಒಳ್ಳೆಯವು. ಇಸಬಗೋಲ್ ತಗೊಂಡರೆ ಜೊತೆಗೆ ತುಂಬಿದ ಲೋಟ ನೀರು ಕುಡಿಯಲೇಬೇಕು. ನಮ್ಮ ಬೇಸಿಗೆ 40 ಡಿಗ್ರಿ ದಾಟುತ್ತದೆ, ಹೊಲದಲ್ಲಿ ದುಡಿಯುವವರು ನೀರು ಕುಡಿಯುವುದೇ ಕಡಿಮೆ. ಸಂಡಾಸದಲ್ಲಿ ಮೊಬೈಲ್ ಹಿಡಿದು ಅರ್ಧ ತಾಸು ಕೂರಬೇಡಿ. ಬೆಚ್ಚಗಿನ ನೀರಿನ ಟಬ್ಬಿನಲ್ಲಿ 10-15 ನಿಮಿಷ ಕೂತರೆ ಹಿತವೆನಿಸುತ್ತದೆ. ಇಷ್ಟಕ್ಕೂ ರಕ್ತ ನಿಲ್ಲದಿದ್ದರೆ ಪೈಲ್ಸ್ ಗಂಟಿನ ಬುಡಕ್ಕೆ ರಬ್ಬರ್ ಬ್ಯಾಂಡ್ ಹಾಕುತ್ತೇವೆ, ಕೆಲವು ದಿನಗಳಲ್ಲಿ ಅದು ಒಣಗಿ ತಾನೇ ಉದುರುತ್ತದೆ. ಹೊರಗೆ ಬಂದು ಒಳಗೇ ಹೋಗದಂಥದ್ದಕ್ಕೆ ಮಾತ್ರ ಸಾಮಾನ್ಯವಾಗಿ ಆಪರೇಷನ್. ಗೋಡೆ ಮೇಲೆ ಬರೆದ "ಒಂದೇ ಇಂಜೆಕ್ಷನ್‌ನಲ್ಲಿ ಗುಣ" ನಂಬಿ ಹೋಗಿ, ಜಾಗ ಸುಟ್ಟುಕೊಂಡು, ದ್ವಾರವೇ ಕಿರಿದಾಗಿ ಬಂದವರನ್ನು ನಾನು ನೋಡಿದ್ದೇನೆ.

ನಾಚಿಕೆ ನನಗೂ ಅರ್ಥವಾಗುತ್ತದೆ, ಅದರಲ್ಲೂ ಹೆಣ್ಣುಮಕ್ಕಳದು. ಹೆರಿಗೆಯಾದಾಗಿನಿಂದ ರಕ್ತ ಹೋಗುತ್ತಿದ್ದರೂ ಅತ್ತೆಗೂ ಹೇಳಿರುವುದಿಲ್ಲ. ಅಕ್ಕಾ, ಪರೀಕ್ಷೆಗೆ ನರ್ಸಮ್ಮ ಪಕ್ಕದಲ್ಲೇ ಇರಲಿ ಅಂತ ಕೇಳಿ, ಇರಿಸುತ್ತೇವೆ. ಲೇಡಿ ಡಾಕ್ಟರೇ ಬೇಕು ಅಂದರೆ ಅವರ ಹತ್ತಿರವೇ ಕಳಿಸುತ್ತೇವೆ.