ಗಾಥಿಕ್: ಒಂದು ಬೈಗುಳದ ಓಡಾಟ

ಕಲೆಯ ಇತಿಹಾಸದಲ್ಲಿ ಗಾಥಿಕ್ ಅಂದರೆ ಚರ್ಚು. ಸಾಹಿತ್ಯದ ಪಾಠಕ್ಕೆ ಬಂದರೆ ದೆವ್ವ ಓಡಾಡುವ ಕೋಟೆ. ಫಾಂಟ್ ಹುಡುಕಿದರೆ ಇನ್ನೇನೋ. ಇವೆಲ್ಲ ಒಂದೇ ಕಾಲದವು ಅಂದುಕೊಂಡು ನಾನು ಒಮ್ಮೆ ಉತ್ತರಪತ್ರಿಕೆಯಲ್ಲಿ ಕಲಸುಮೇಲೋಗರ ಮಾಡಿಟ್ಟಿದ್ದೆ. ಹಾಗಾಗಿ ಬುಡದಿಂದ ನೋಡೋಣ.

ಗಾಥರು ಜರ್ಮಾನಿಕ್ ಜನ. ಅವರಲ್ಲಿ ವಿಸಿಗಾಥರ ಗುಂಪು ತನ್ನ ದೊರೆ ಅಲಾರಿಕ್‌ನ ಜೊತೆ ಬಂದು ಕ್ರಿ.ಶ. 410ರಲ್ಲಿ ರೋಮ್ ನಗರವನ್ನು ಸೂರೆ ಮಾಡಿತು. ಕೆಟ್ಟ ಹೆಸರು ಅಂಟಿಕೊಂಡಿತು. ಆದರೆ ಅವರು ಬರೀ ಲೂಟಿಕೋರರಲ್ಲ. 4ನೇ ಶತಮಾನದಲ್ಲೇ ವುಲ್ಫಿಲ ಎಂಬ ಬಿಷಪ್ ಅವರ ಭಾಷೆಗೆ ಲಿಪಿ ಮಾಡಿಕೊಟ್ಟು ಬೈಬಲ್ ಅನುವಾದಿಸಿದ. ವುಲ್ಫಿಲ ಅಂದರೆ ತೋಳದ ಮರಿ. ಅರಸರ ಯುದ್ಧಗಳ ಭಾಗವನ್ನು ಮಾತ್ರ ಬಿಟ್ಟನಂತೆ, ಈ ಜನಕ್ಕೆ ಯುದ್ಧದ ಹುಚ್ಚು ಮೊದಲೇ ಜಾಸ್ತಿ ಅಂತ! ಆ ಅನುವಾದದ ಒಂದು ಹಳೆಯ ಪ್ರತಿ ಸ್ವೀಡನ್ನಿನ ಉಪ್ಸಾಲದಲ್ಲಿದೆ. ನೇರಳೆ ಬಣ್ಣದ ಚರ್ಮದ ಹಾಳೆ, ಮೇಲೆ ಬೆಳ್ಳಿ, ಚಿನ್ನದ ಶಾಯಿಯ ಅಕ್ಷರ. ಅದರಲ್ಲೊಂದು ಪ್ರಾರ್ಥನೆ ‘ಅತ್ತ ಉನ್ಸರ್’ ಎಂದು ಶುರುವಾಗುತ್ತದೆ. ನಮಗೆ ಅತ್ತೆ ನೆನಪಾಗಬಹುದು, ಅವರಿಗೆ ಅತ್ತ ಅಂದರೆ ಅಪ್ಪ. ‘ನಮ್ಮ ತಂದೆಯೇ’ ಅಂತ ಅರ್ಥ. ನಿಜಕ್ಕೂ ಗಾಥರಿಗೆ ಸೇರಿದ ‘ಗಾಥಿಕ್’ ಇದೇ.

ಗಾಥಿಕ್ ಶೈಲಿಯ ಚರ್ಚಿಗೂ ಅವರಿಗೂ ಸಂಬಂಧವೇ ಇಲ್ಲ. ಆ ಶೈಲಿ ರೂಪ ಪಡೆದದ್ದು ಪ್ಯಾರಿಸ್ ಪಕ್ಕದ ಸಾಂ ದೆನಿ ಚರ್ಚಿನಲ್ಲಿ, 1144ರ ಹೊತ್ತಿಗೆ. ರೋಮ್ ಸೂರೆಯಾಗಿ ಏಳು ಶತಮಾನ ಕಳೆದಿತ್ತು. ಎರಡೂ ಕೈಯ ಬೆರಳ ತುದಿಗಳನ್ನಷ್ಟೇ ತಾಗಿಸಿ ಅಂಗೈಗಳನ್ನು ದೂರ ಮಾಡಿ ನೋಡಿ. ಮೊನೆ ಕಮಾನು ಅಂದರೆ ಅದೇ. ಅರ್ಧವೃತ್ತದ ಕಮಾನು ಪಕ್ಕಕ್ಕೆ ಜಾಸ್ತಿ ಒತ್ತುತ್ತದೆ, ಇದು ಕಡಿಮೆ. ಉಳಿದ ಒತ್ತಡವನ್ನು ಹೊರಗಿನಿಂದ ಫ್ಲೈಯಿಂಗ್ ಬಟ್ರೆಸ್ ಎಂಬ ಕಲ್ಲಿನ ಆಸರೆ ತಡೆಯುತ್ತದೆ, ಗೊನೆ ಬಿಟ್ಟ ಬಾಳೆಗೆ ಓರೆಯಾಗಿ ಕೋಲು ಕೊಟ್ಟ ಹಾಗೆ. ಗೋಡೆಗೆ ಭಾರ ಹೊರುವ ಕೆಲಸ ತಪ್ಪಿತು. ಆ ಜಾಗಕ್ಕೆ ಬಣ್ಣದ ಗಾಜು ಬಂತು.

ಮತ್ತೆ ಗಾಥರ ಹೆಸರು ಯಾಕೆ? ಕಲಾವಿದರ ಚರಿತ್ರೆ ಬರೆದ ಇಟಲಿಯ ಚಿತ್ರಕಾರ ವಸಾರಿಗೆ ರೋಮನ್ನರ ಕಟ್ಟಡವೇ ಚೆಂದ. ಈ ಮೊನಚು ಕಮಾನು ಗಾಥರ ಕಿತಾಪತಿ ಅಂತ 1550ರ ಪುಸ್ತಕದಲ್ಲಿ ದೂರಿದ. ಸುಮ್ನೆ ಬೈದದ್ದೇ ಶೈಲಿಯ ಹೆಸರಾಗಿ ನಿಂತಿತು. ಮೈಸೂರಿನ ಸೇಂಟ್ ಫಿಲೋಮಿನಾ ಚರ್ಚ್ ‘ನವ ಗಾಥಿಕ್’, ಅಂದರೆ ಆ ಹಳೆಯ ಶೈಲಿಯನ್ನೇ ನೋಡಿ ಈಚೆಗೆ ಕಟ್ಟಿದ್ದು. ಅದಕ್ಕೆ ಅಡಿಗಲ್ಲು ಬಿದ್ದದ್ದು 1933ರಲ್ಲಿ.

ಸಾಹಿತ್ಯಕ್ಕೆ ಪದ ಬಂದದ್ದು ಇಂಗ್ಲಿಷ್ ಲೇಖಕ ಹೊರೇಸ್ ವಾಲ್ಪೋಲ್‌ನಿಂದ. 1764ರಲ್ಲಿ ಬಂದ ತನ್ನ ಕಾದಂಬರಿಯ ಎರಡನೇ ಮುದ್ರಣಕ್ಕೆ ಅವನು ‘ಗಾಥಿಕ್ ಕಥೆ’ ಎಂದು ಸೇರಿಸಿದ. ಅವನ ಲೆಕ್ಕದಲ್ಲಿ ಅದು ‘ಮಧ್ಯಯುಗದ’ ಅಂತ ಅಷ್ಟೇ. ಆದರೆ ಕಥೆಯ ತುಂಬ ಕೋಟೆ, ಸುರಂಗ, ಶಾಪ ಇದ್ದವಲ್ಲ, ಓದುಗರಿಗೆ ಭಯವೇ ಗಾಥಿಕ್ ಆಯಿತು. 1970ರ ದಶಕದ ಕೊನೆಗೆ ಬ್ರಿಟನ್ನಿನಲ್ಲಿ ಶುರುವಾದ ಕಪ್ಪು ಬಟ್ಟೆ, ಮಂಕು ಸಂಗೀತದ ‘ಗಾಥ್’ ಹುಡುಗರು ಈ ಭಯದ ಮೊಮ್ಮಕ್ಕಳು.

ಫಾಂಟಿನ ಕಥೆ ಇನ್ನೂ ತಮಾಷೆ. ಗುಟೆನ್‌ಬರ್ಗ್ ಬೈಬಲಿನ ಒತ್ತೊತ್ತಾದ, ಮೂಲೆ ಮೂಲೆಯ ದಪ್ಪ ಅಕ್ಷರಕ್ಕೂ ಗಾಥಿಕ್ ಅಂತಾರೆ. ಅಮೆರಿಕ, ಜಪಾನ್‌ಗಳಲ್ಲಿ ಬಾಲವಿಲ್ಲದ ಬೋಳು ಅಕ್ಷರಕ್ಕೂ ಗಾಥಿಕ್ ಅಂತಾರೆ. ಕಂಪ್ಯೂಟರಿನಲ್ಲಿ ‘ಎಂಎಸ್ ಗಾಥಿಕ್’ ಇದ್ದರೆ ತೆರೆದು ನೋಡಿ. ಒಂದು ಮೊನಚೂ ಇಲ್ಲ, ಒಂದು ದೆವ್ವವೂ ಇಲ್ಲ.